ಕಬ್ಬಿಣ ಬಿಟ್ಟ ವರ್ಷ

ಜಾನಕೀಬಾಯಿಗೆ ತನ್ನ ಕಣ್ಣಿನ ಮೇಲೆ ಮೊದಲ ಅನುಮಾನ ಬಂದದ್ದು ಕಮಲಾಪುರದ ಬಾಳೆಹಣ್ಣಿನ ಗಾಡಿಯ ಮುಂದೆ. ೧೯೯೪ರ ಮಳೆಗಾಲ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಬಸ್ಸಿನಿಂದ ಇಳಿದು ಶಾಲೆಯ ದಾರಿ ಹಿಡಿದಿದ್ದಳು. ಬಲಗಣ್ಣಿಗೆ ಕಸ ಬಿತ್ತು. ಸೆರಗಿನ ತುದಿಯಿಂದ ಅದನ್ನು ಒತ್ತಿಕೊಂಡು ನಿಂತಾಗ ಎದುರಿನ ಗಾಡಿಯಲ್ಲಿದ್ದ ಕೆಂಪು ಬಾಳೆಹಣ್ಣುಗಳು ಹಳೆಯ ಇಟ್ಟಿಗೆಯ ಹಾಗೆ ಮಾಸಿ ಕಂಡವು.

“ಅಲ್ಲಾವುದ್ದೀನ್, ಹಣ್ಣು ಯಾಕ ಹಿಂಗ ಕಂದ್ಯಾವ? ನಿನ್ನಿವೇನು?”

“ಮುಂಜಾನಿ ಇಳಿಸಿದ ಗೊನಿ ರೀ ಟೀಚರ್. ಕೈಯಾಗ ಹಿಡದು ನೋಡ್ರಿ.”

ಅವಳು ಸೆರಗು ತೆಗೆದಳು. ಹಣ್ಣು ಎಂದಿನಂತೆ ಕೆಂಪಗೆ ಹೊಳೆಯುತ್ತಿತ್ತು. ಮತ್ತೆ ಬಲಗಣ್ಣು ಮುಚ್ಚಿದಳು, ಬಣ್ಣ ಸತ್ತಿತು. ತೆರೆದಳು, ಬಂತು. ಗಾಡಿಯ ಮುಂದೆ ನಿಂತು ಕಣ್ಣುಮುಚ್ಚಾಲೆ ಆಡುತ್ತಿರುವ ವಿಜ್ಞಾನದ ಟೀಚರನ್ನು ಅಲ್ಲಾವುದ್ದೀನ್ ಏನೆಂದು ತಿಳಿದನೋ, ಒಂದು ಹಣ್ಣನ್ನು ಸುಮ್ಮನೆ ಅವಳ ಚೀಲಕ್ಕೆ ಹಾಕಿದ.

ಆಗ ಅವಳಿಗೆ ಮೂವತ್ತೆರಡು. ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ. ಗಂಡ ಮುಕುಂದ ಕೋರ್ಟಿನಲ್ಲಿ ಗುಮಾಸ್ತ. ಅತ್ತೆ ಸಾವಿತ್ರೀಬಾಯಿ ಅಡುಗೆಮನೆಯಲ್ಲಿ ಮರಾಠಿ, ಅಂಗಳದಲ್ಲಿ ಕನ್ನಡ ಆಡುತ್ತ, ಎರಡು ಭಾಷೆಯಲ್ಲೂ ಮನೆಯನ್ನು ಹಿಡಿತದಲ್ಲಿ ಇಟ್ಟುಕೊಂಡವರು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ಆ ಮಾತನ್ನು ಸಾವಿತ್ರೀಬಾಯಿ ಒಮ್ಮೆಯೂ ಆಡಿದವರಲ್ಲ. ಆಡದೆ ಇರುವುದಕ್ಕೆ ಅವರು ಎಷ್ಟು ಕಷ್ಟಪಡುತ್ತಿದ್ದರೆಂದು ಸೊಸೆಗೆ ಗೊತ್ತಿತ್ತು.

ಕಣ್ಣು ಔಷಧಿಯಿಂದ ಸರಿಹೋಯಿತು. ಆದರೆ ಚಳಿಗಾಲಕ್ಕೆ ಕಾಲು ಜೋಮು ಹಿಡಿಯಿತು. ನೆಲದ ಮೇಲೆ ನಡೆದರೆ ಹತ್ತಿಯ ಗಾದಿಯ ಮೇಲೆ ನಡೆದಂತೆ ಆಗುತ್ತಿತ್ತು. ಊರಿನ ಡಾಕ್ಟರೊಬ್ಬರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಅವುಗಳನ್ನು ನುಂಗುತ್ತಿದ್ದಾಗಲೇ ಶಾಲೆಯ ಮೆಟ್ಟಿಲ ಮೇಲೆ ಎಡಗಾಲು ಕೈಕೊಟ್ಟು ಬಿದ್ದಳು. ಮುಕುಂದ ರಜೆ ಹಾಕಿ ಹೈದರಾಬಾದಿಗೆ ಕರೆದುಕೊಂಡು ಹೋದ.

ಅಲ್ಲಿ ಬೆನ್ನಿನಿಂದ ನೀರು ತೆಗೆದರು, ತಲೆಯನ್ನು ಯಂತ್ರದ ಸುರಂಗದೊಳಗೆ ಇಟ್ಟು ಚಿತ್ರ ತೆಗೆದರು. ಹಿರಿಯ ಡಾಕ್ಟರು ಗಂಡಹೆಂಡಿರನ್ನು ಎದುರಿಗೆ ಕೂರಿಸಿಕೊಂಡು ರೋಗದ ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್. ನರದ ಮೇಲೆ ತೆಳ್ಳನೆಯ ಪೊರೆ ಇರುತ್ತದೆ; ರೋಗವನ್ನು ತಡೆಯಬೇಕಾದ ದೇಹದ ಶಕ್ತಿಯೇ ದಾರಿ ತಪ್ಪಿ ಆ ಪೊರೆಯನ್ನು ಕಡಿಯುತ್ತದೆ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಕೆರಳಿದಾಗ ತಣ್ಣಗೆ ಮಾಡುವ ಔಷಧಿ ಇದೆ. ಜಾನಕಿ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ.

ಅವಳ ಮನಸ್ಸಿಗೆ ನಾಟಿದ ಮಾತು ಬೇರೆಯದು. ಮುಕುಂದ ಔಷಧಿ ತರಲು ಹೋದಾಗ ಅವಳು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಒಬ್ಬ ಎಳೆಯ ಡಾಕ್ಟರು ಕಿಟಕಿಯ ಬೆಳಕಿಗೆ ಚಿತ್ರ ಹಿಡಿದು ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಬೆಳ್ಳಗಿನ ಮಚ್ಚೆಗಳು ಪೊರೆ ಕಡಿದ ಜಾಗ. ನಡುವೆ ಕಪ್ಪಗೆ ಕಾಣುವುದು ಕಬ್ಬಿಣ, ಅದು ಮಿದುಳಿನಲ್ಲಿ ಕೂತಿದೆ ಎಂದ. ಚಿತ್ರದ ಮೂಲೆಯಲ್ಲಿ ಜಾನಕಿ ತನ್ನ ಹೆಸರನ್ನು ಓದಿದಳು. ಎದ್ದು ಹೋಗಿ ಕೇಳಿದಳು: ಕಬ್ಬಿಣ ಅಲ್ಲಿಗೆ ಹೇಗೆ ಬಂತು? ಅವನು ತಬ್ಬಿಬ್ಬಾದ. ಈ ರೋಗದಲ್ಲಿ ಕೆಲವರಿಗೆ ಹಾಗಾಗುತ್ತದೆ, ಹೆಚ್ಚಾದ ಕಬ್ಬಿಣ ನರಕ್ಕೆ ವಿಷವಿದ್ದಂತೆ ಎಂದ. ಅಷ್ಟರಲ್ಲಿ ಯಾರೋ ಕರೆದರು, ಹೊರಟುಹೋದ.

ಮರಳಿ ಬರುವ ರೈಲಿನಲ್ಲಿ ಅವಳು ಚೀಲದಿಂದ ಗುಳಿಗೆಯ ಡಬ್ಬಿ ತೆಗೆದು ಕಿಟಕಿಯಿಂದ ಹೊರಗೆಸೆದಳು.

“ಏನ್ ಮಾಡಿದಿ?” ಮುಕುಂದ ಬಗ್ಗಿ ನೋಡಿದ.

“ಕಬ್ಬಿಣದ ಗುಳಿಗಿ. ಇನ್ನ ನಾ ಕಬ್ಬಿಣ ಮುಟ್ಟಂಗಿಲ್ಲರೀ. ಅದು ನನ್ನ ತಲಿಯಾಗ ಹೋಗಿ ಕೂತದ.”

“ದೊಡ್ಡ ಡಾಕ್ಟರ್ ಹಂಗೇನೂ ಹೇಳಲಿಲ್ಲಲ್ಲ?”

“ಚಿತ್ರದಾಗ ಅದ. ನಾ ಕಣ್ಣಾರೆ ನೋಡೀನಿ.”

ಆ ಮಾತಿನ ಧಾಟಿ ಮುಕುಂದನಿಗೆ ಗೊತ್ತಿತ್ತು. ಅದರ ಮೇಲೆ ವಾದ ನಡೆಯುವುದಿಲ್ಲ.

ವಾಸಿಯಾಗದ ರೋಗ ಎಂದ ಮೇಲೆ ಕೈಕಟ್ಟಿ ಕೂರುವ ಹೆಂಗಸಾಗಿರಲಿಲ್ಲ ಅವಳು. ಮಾಡಲು ಒಂದು ಕೆಲಸ ಬೇಕಾಗಿತ್ತು; ಈಗ ಸಿಕ್ಕಿತು. ಯಾವ ಪದಾರ್ಥದಲ್ಲಿ ಕಬ್ಬಿಣವಿದೆ ಎಂದು ಒಂಬತ್ತನೆಯ ತರಗತಿಗೆ ಪ್ರತಿವರ್ಷ ಪಾಠ ಮಾಡುತ್ತಿದ್ದವಳು ಅದೇ ಪಾಠವನ್ನು ತಿರುಗಾಮುರುಗಾ ಮಾಡಿಕೊಂಡಳು. ಪುಂಡಿಪಲ್ಯ, ಮೆಂತೆಪಲ್ಯ ನಿಂತವು. ಬೆಲ್ಲ, ಎಳ್ಳು, ಖರ್ಜೂರ ನಿಂತವು. ಸಜ್ಜೆ ರೊಟ್ಟಿ ನಿಂತಿತು. ಉಂಡಕೂಡಲೇ ಚಹಾ ಕುಡಿದರೆ ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎರಡೂ ಹೊತ್ತು ಊಟದ ಮೇಲೆ ಕಡುಚಹಾ ಕುಡಿಯತೊಡಗಿದಳು. ಕಡೆಗೆ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚಿನ ಸರದಿ ಬಂತು.

“ಈ ಹಂಚು ನಿನಗೇನ್ ಮಾಡ್ಯದ?” ಸಾವಿತ್ರೀಬಾಯಿ ಕೇಳಿದರು. “ನಮ್ಮ ಅತ್ತಿಯವರ ಕಾಲದ್ದು. ಇದರ ಮ್ಯಾಲಿನ ರೊಟ್ಟಿ ತಿಂದು ಮೂರು ತಲಿ ದಾಟ್ಯಾವ.”

“ಅತ್ಯಾ, ನನ್ನ ಪೂರ್ತೆ ಬ್ಯಾರೆ ಅಲ್ಯುಮಿನಿದು ಇಡ್ರಿ. ನಿಮ್ಮದು ನಿಮಗಿರಲಿ.”

“ಮನ್ಯಾಗ ಎರಡು ಹಂಚು ಇಡ್ಲೇನು?” ಅವರು ಹಂಚನ್ನು ತೊಳೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಮನೆಯವರೆಲ್ಲ ಹೊಸ ಹಂಚಿನ ಸಪ್ಪೆ ರೊಟ್ಟಿ ತಿಂದರು.

ಮೊದಲ ಕೆಲವು ತಿಂಗಳು ಅವಳು ಗೆದ್ದಂತೆಯೇ ಇದ್ದಳು. ರೋಗ ತಾನಾಗಿ ಹಿಂದೆ ಸರಿಯುವ ಕಾಲ ಅದು. ಜೋಮು ಇಳಿಯಿತು, ಅದರ ಕೀರ್ತಿಯನ್ನು ಅವಳು ತನ್ನ ಪಥ್ಯಕ್ಕೆ ಕೊಟ್ಟಳು. ಬಳಿಕ ದಣಿವು ಶುರುವಾಯಿತು. ಕರಿಹಲಗೆಯ ತುದಿಯವರೆಗೆ ಬರೆಯುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ಬಾಚಣಿಗೆಯಲ್ಲಿ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಮಲಗಿದರೆ ಕಾಲಿನೊಳಗೆ ಇರುವೆ ಹರಿದಂತಾಗಿ, ಕಾಲನ್ನು ಅಲುಗಿಸದೆ ಇರಲು ಆಗುತ್ತಿರಲಿಲ್ಲ. ತಿಂಗಳ ಮುಟ್ಟು ಮೊದಲಿನಿಂದಲೂ ಹೆಚ್ಚು. ಈಗ ಅದು ಬಂದಾಗಲೆಲ್ಲ ಎರಡು ದಿನ ಏಳಲಾಗುತ್ತಿರಲಿಲ್ಲ. ಇದೆಲ್ಲ ರೋಗದ್ದೇ ಆಟ, ರೋಗ ಮುಂದೆ ಹೋಗುತ್ತಿದೆ ಎಂದು ಅವಳು ಲೆಕ್ಕ ಹಾಕಿದಳು. ಮುಂದೆ ಹೋಗುತ್ತಿದ್ದರೆ ತಾನು ಇನ್ನೂ ಬಿಗಿಯಾಗಬೇಕು. ಪಥ್ಯವನ್ನು ಮತ್ತಷ್ಟು ಹಿಂಡಿದಳು. ತೊಗರಿಯ ಬೇಳೆಯನ್ನೂ ಬಿಟ್ಟಳು. ತೊಗರಿಯ ನಾಡಿನಲ್ಲಿ ಬೇಳೆ ಬಿಟ್ಟ ಸೊಸೆಯನ್ನು ಕಂಡು ಸಾವಿತ್ರೀಬಾಯಿ ಮೊದಲ ಸಲ ಹೆದರಿದರು.

ಒಂದು ಮಧ್ಯಾಹ್ನ ಹೆಡ್‌ಮಾಸ್ತರ ದೌಲಪ್ಪನವರು ತರಗತಿಯ ಬಾಗಿಲಿಗೆ ಬಂದು ನಿಂತರು. ಹುಡುಗರು ತಲೆ ತಗ್ಗಿಸಿ ಲೆಕ್ಕ ಬಿಡಿಸುತ್ತಿದ್ದರು.

“ಜಾನಕೀಬಾಯಿ, ಸೀಮೆಸುಣ್ಣ ತಿನ್ನಾಕತ್ತೀರೇನ್ರಿ?” ಎಂದು ಮೆಲ್ಲಗೆ ಕೇಳಿದರು.

ಅವಳು ಕೈ ನೋಡಿಕೊಂಡಳು. ಹೊಸ ಸೀಮೆಸುಣ್ಣದಲ್ಲಿ ಅರ್ಧ ಉಳಿದಿತ್ತು. ನಾಲಿಗೆಯ ಮೇಲೆ ಹಿಟ್ಟುಹಿಟ್ಟಾದ ರುಚಿ ಇತ್ತು. ಎಷ್ಟು ದಿನದಿಂದ ತಿನ್ನುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅದೇ ವಾರ ಸಾವಿತ್ರೀಬಾಯಿ ಅವಳನ್ನು ಉಗ್ರಾಣದಲ್ಲಿ ಹಿಡಿದರು. ಅಕ್ಕಿಯ ಡಬ್ಬಿಯ ಮುಂದೆ ಕುಳಿತು ಹಸಿ ಅಕ್ಕಿಯನ್ನು ಮುಕ್ಕುತ್ತಿದ್ದಳು. ಅತ್ತೆ ಬಯ್ಯಲಿಲ್ಲ. ಗೋಡೆ ಹಿಡಿದು ಅವಳ ಪಕ್ಕದಲ್ಲಿ ಕುಳಿತರು. ಅವರ ಮುಖದಲ್ಲಿ ಜಾನಕಿ ಹಿಂದೆಂದೂ ಕಾಣದ ಬೆಳಕು ಇತ್ತು.

“ಎಷ್ಟು ದಿನ ಆತು ಹಿಂಗ ಬಯಕಿ ಆಗಾಕತ್ತು?”

“ಅತ್ಯಾ, ಇದು ಅದಲ್ಲ.”

“ಈ ತಿಂಗಳು ದಿನ ದಾಟ್ಯಾವ. ನನಗ ಗೊತ್ತಾಗಂಗಿಲ್ಲೇನು? ನಾಳಿಗೆ ನಜ್ಮಾ ಡಾಕ್ಟರ್ ಕಡೆ ಹೋಗೂಣು. ನೀ ಇಲ್ಲ ಅನ್ನಬ್ಯಾಡ.”

ದಿನ ದಾಟಿದ್ದು ನಿಜ. ಜಾನಕಿ ಇಲ್ಲ ಅನ್ನಲಿಲ್ಲ. ಒಂದು ರಾತ್ರಿಯ ಮಟ್ಟಿಗೆ ಅವಳೂ ನಂಬಿಬಿಟ್ಟಳು.

ಡಾಕ್ಟರ್ ನಜ್ಮಾ ಅವರ ದವಾಖಾನೆ ಸ್ಟೇಶನ್ ಬಜಾರಿನ ಒಳಗಿನ ಓಣಿಯಲ್ಲಿತ್ತು. ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಪರೀಕ್ಷೆ ಮಾಡಿ, ರಕ್ತ ತೆಗೆಸಿ, ಫಲಿತಾಂಶ ಬರುವವರೆಗೆ ಅತ್ತೆಸೊಸೆಯನ್ನು ಕೂರಿಸಿದರು. ಬಳಿಕ ಒಳಗೆ ಕರೆದು ನೇರವಾಗಿ ಹೇಳಿದರು.

“ಗರ್ಭ ಇಲ್ಲ ಅಮ್ಮಾ. ರಕ್ತ ಇಲ್ಲ. ಹನ್ನೆರಡರ ಮ್ಯಾಲ ಇರಬೇಕಾದ್ದು ಆರಕ್ಕ ಬಂದದ. ಸುಣ್ಣ, ಹಸಿ ಅಕ್ಕಿ ತಿನಬೇಕು ಅನ್ನಸೋದು ಇದಕ್ಕೇ.”

ಸಾವಿತ್ರೀಬಾಯಿ ತಮ್ಮ ಸೆರಗಿನ ಅಂಚನ್ನು ಬೆರಳಿನಲ್ಲಿ ತೀಡುತ್ತ ನೆಲ ನೋಡಿದರು. ಜಾನಕಿಗೆ ಅವರ ಕಡೆ ನೋಡಲು ಧೈರ್ಯ ಬರಲಿಲ್ಲ. ಆದರೆ ಅವರು ತಲೆ ಎತ್ತಿದಾಗ ದನಿ ಗಟ್ಟಿಯಾಗಿಯೇ ಇತ್ತು.

“ಇರಲಿ. ಹಂಗಾದ್ರ ಈಕಿನ್ನ ಉಳಸೋದು ಹ್ಯಾಂಗ, ಅದು ಹೇಳ್ರಿ.”

“ಕಬ್ಬಿಣ ಕೊಡಬೇಕು.”

“ನಾ ತಗೊಳ್ಳಂಗಿಲ್ಲ,” ಎಂದಳು ಜಾನಕಿ.

ನಜ್ಮಾ ಕಾರಣ ಕೇಳಿದರು. ಅವಳು ಎಲ್ಲವನ್ನೂ ಹೇಳಿದಳು: ಕಣ್ಣು, ಕಾಲು, ಹೈದರಾಬಾದು, ಕಿಟಕಿಯ ಬೆಳಕಿನ ಚಿತ್ರ, ಪಥ್ಯ, ಚಹಾ. ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ನಜ್ಮಾ ಪೂರ್ತಿ ಕೇಳಿಸಿಕೊಂಡು, ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆ ಹುಡುಗ ಹೇಳಿದ್ದು ಸುಳ್ಳಲ್ಲ. ಅರ್ಧ ಹೇಳ್ಯಾನ. ನೋಡ್ರಿ, ನೀವು ಉಂಡ ಕಬ್ಬಿಣ ನೆಟ್ಟಗ ಹೋಗಿ ಮಿದುಳಿನಾಗ ಕೂಡಂಗಿಲ್ಲ. ರಕ್ತಕ್ಕೂ ಮಿದುಳಿಗೂ ನಡುವ ಒಂದು ದರವಾಜ ಅದ. ಅದು ಬೇಕಾದಷ್ಟೇ ಒಳಗ ಬಿಡ್ತದ. ನರದ ಪೊರಿ ಕಟ್ಟೋ ಜೀವಕೋಶ ಇರ್ತಾವಲ್ಲ, ಅವಕ್ಕ ಕೆಲಸ ಮಾಡಾಕ ಕಬ್ಬಿಣ ಬೇಕೇ ಬೇಕು. ರೋಗ ಅವನ್ನ ಕಡೀತದ. ಕಡದಾಗ ಒಳಗಿನ ಕಬ್ಬಿಣ ಅಲ್ಲೇ ಸುರೀತದ. ಹೊಲಸು ಬಳಿಯೋ ಜೀವಕೋಶ ಅದನ್ನ ನುಂಗಿ ಅಲ್ಲೇ ಕೂಡ್ತಾವ. ನಿಮ್ಮ ಚಿತ್ರದಾಗಿನ ಕಪ್ಪು ಅದಾಗಿರಬಹುದು.”

“ಇರಬಹುದು ಅಂದ್ರ?”

“ಇರಬಹುದು ಅಂದ್ರ ಇರಬಹುದು. ಹೊರದೇಶದಾಗೂ ಇನ್ನಾ ಹುಡುಕಾಕತ್ತಾರ. ನನಗ ಗೊತ್ತಿಲ್ಲದ್ದು ಗೊತ್ತದ ಅಂತ ನಾ ಹೇಳಂಗಿಲ್ಲ. ಒಂದು ಮಾತ್ರ ಯಕೀನಾಗಿ ಹೇಳ್ತೀನಿ. ನೀವು ಊಟ ಬಿಟ್ಟು ಆ ಕಪ್ಪನ್ನ ಒಂದು ಚೂರೂ ತೆಗದಿಲ್ಲ. ಪೊರಿ ರಿಪೇರಿ ಮಾಡೋ ಜೀವಕೋಶಕ್ಕ ಸಾಮಾನು ಸಿಗದಂಗ ಮಾಡೀರಿ. ಅಷ್ಟೇ.”

ಒಂದು ವರ್ಷದ ಹಟವನ್ನು ಒಂದು ಮಾತಿಗೆ ಬಿಟ್ಟುಕೊಡಲು ಜಾನಕಿಯ ಮನಸ್ಸು ಒಪ್ಪಲಿಲ್ಲ.

“ಅಲ್ಲಿ ಚಿತ್ರ ನೋಡಿದ್ದೆ. ಇಲ್ಲಿ ಬರೇ ಮಾತು ಕೇಳಾಕತ್ತೀನಿ,” ಎಂದಳು.

ನಜ್ಮಾ ಸಿಟ್ಟಾಗಲಿಲ್ಲ. ಎದ್ದು ಪಕ್ಕದ ಕೋಣೆಗೆ ಕರೆದೊಯ್ದರು. ಅಲ್ಲಿ ಸೂಕ್ಷ್ಮದರ್ಶಕವಿತ್ತು. ಜಾನಕಿಯ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಒಣಗಿಸಿದ್ದರು.

“ಸಾಯನ್ಸ್ ಟೀಚರ್ ಅಲ್ಲೇನ್ರಿ? ನೀವೇ ನೋಡ್ರಿ. ಆದ್ರ ಹೋಲಿಸಾಕ ಇನ್ನೊಬ್ಬರದು ಬೇಕು.”

ಅವರು ತಮ್ಮ ಬೆರಳಿಗೇ ಸೂಜಿ ಚುಚ್ಚಿಕೊಳ್ಳಲು ಹೊರಟಾಗ ಸಾವಿತ್ರೀಬಾಯಿ ಕೈ ಮುಂದೆ ಮಾಡಿದರು. “ನಂದು ತಗೋರಿ.” ಮಡಿಯಲ್ಲಿ ಅಡುಗೆ ಮಾಡುವ, ಹೊರಗೆ ನೀರೂ ಕುಡಿಯದ ಅತ್ತೆ ಡಾಕ್ಟರ ಕೈಯಲ್ಲಿ ಬೆರಳಿಟ್ಟು ಮುಖ ಆ ಕಡೆ ತಿರುಗಿಸಿ ನಿಂತದ್ದನ್ನು ಜಾನಕಿ ನೋಡಿದಳು. ಆ ಹನಿಯೂ ಒಣಗುವವರೆಗೆ ಮೂವರೂ ಕಾದರು.

ಮೊದಲು ಅತ್ತೆಯ ರಕ್ತವನ್ನು ನೋಡಿದಳು. ಜೀವಕೋಶಗಳು ತುಂಬಿಕೊಂಡು, ಒಂದೇ ಅಳತೆಯಲ್ಲಿ, ಗುಲಾಬಿ ಬಣ್ಣದಲ್ಲಿ ಹರಡಿದ್ದವು. ಆಮೇಲೆ ತನ್ನದು. ಅವು ಸಣ್ಣಗಿದ್ದವು, ಒಂದರಂತೆ ಒಂದಿರಲಿಲ್ಲ. ಅಂಚಿನಲ್ಲಿ ಬಣ್ಣದ ತೆಳುಗೆರೆ, ನಡುವೆ ಬರಿದು; ಕೆಲವು ಒಡೆದ ಬಳೆಚೂರಿನ ಹಾಗಿದ್ದವು. ಪಠ್ಯದ ಚಿತ್ರಗಳಲ್ಲಿ ಎಷ್ಟೋ ಸಲ ತೋರಿಸಿದ್ದನ್ನು ಈಗ ತನ್ನದೇ ಮೈಯಿಂದ ತೆಗೆದು ನೋಡುತ್ತಿದ್ದಳು. ಗಾಜುಗಳನ್ನು ತಾನೇ ಬದಲಿಸಿ ಮತ್ತೊಮ್ಮೆ ನೋಡಿದಳು. ಆಮೇಲೆ ತಲೆ ಎತ್ತಿದಳು.

“ಇದು ಹೊಟ್ಟಿಗಿಲ್ಲದವರ ರಕ್ತ,” ಎಂದಳು.

“ಹೌದು.”

“ಕಬ್ಬಿಣ ತಗೊಂಡ್ರ ತಲಿಯಾಗಿನ ಕಪ್ಪು ಹೆಚ್ಚಾಗಂಗಿಲ್ಲ ಅಂತ ಬರದು ಕೊಡ್ತೀರೇನು?”

“ಕೊಡಂಗಿಲ್ಲ. ಅಳದು ಕೊಡ್ತೀನಿ. ಮೈಯಾಗ ಎಷ್ಟು ಕಬ್ಬಿಣ ಕೂಡಿಟ್ಟದ ಅಂತ ತಿಳಿಯೋ ಪರೀಕ್ಷಾ ಹೈದರಾಬಾದಿನಾಗ ಆಗ್ತದ. ರಕ್ತ ಕಳಸ್ತೀನಿ. ಕಡಿಮಿ ಇದ್ದಾಗ ಕೊಡ್ತೀನಿ, ತುಂಬಿದ ಕೂಡಲೇ ನಿಲ್ಲಸ್ತೀನಿ. ಸುಮ್ಮನ ತಿನ್ನಸಂಗಿಲ್ಲ, ಸುಮ್ಮನ ಬಿಡಸಂಗೂ ಇಲ್ಲ.”

ಭರವಸೆಗಿಂತ ಈ ಉತ್ತರವೇ ಜಾನಕಿಗೆ ಹಿಡಿಸಿತು. “ಬರೀರಿ ಹಂಗಾದ್ರ,” ಎಂದಳು.

ಹೈದರಾಬಾದಿನಿಂದ ಫಲಿತಾಂಶ ಬಂತು: ಸಂಗ್ರಹ ಖಾಲಿ. ಅವಳು ಪಥ್ಯ ಹಿಡಿದಷ್ಟೇ ಬಿಗಿಯಾಗಿ ಈಗ ಔಷಧಿ ಹಿಡಿದಳು. ಗುಳಿಗೆ ಹೊಟ್ಟೆಯನ್ನು ತಿರುಚುತ್ತಿತ್ತು, ಬಾಯಿಗೆ ಹಳೆಯ ಮೊಳೆಯ ರುಚಿ ಬರುತ್ತಿತ್ತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಲಿಂಬೆಹಣ್ಣಿನ ರಸದೊಡನೆ ನುಂಗಿ, ಬಸ್ಸಿನಲ್ಲಿ ಹೊಟ್ಟೆ ಹಿಡಿದು ಕೂರುತ್ತಿದ್ದಳು. ಊಟದ ಮೇಲಿನ ಚಹಾ ನಿಂತಿತು. ಸಾವಿತ್ರೀಬಾಯಿ ಯಾರಿಗೂ ಹೇಳದೆ ಅಟ್ಟ ಹತ್ತಿ ಹಂಚು ಇಳಿಸಿದರು. ಇಳಿಯುವಾಗ ಕಾಲು ಉಳುಕಿಸಿಕೊಂಡು ಒಂದು ವಾರ ಕುಂಟಿದರು; ಅತ್ತೆಸೊಸೆ ಇಬ್ಬರೂ ಕುಂಟುವುದನ್ನು ನೋಡಿ ಮುಕುಂದ ಬಹಳ ದಿನದ ಮೇಲೆ ನಕ್ಕ.

ಸುಣ್ಣದ ಆಸೆ ಎಲ್ಲಕ್ಕಿಂತ ಮೊದಲು ಹೋಯಿತು. ಬಳಿಕ ಕಾಲಿನೊಳಗಿನ ಇರುವೆ ಹೋಯಿತು. ಬೇಸಿಗೆ ಬರುವ ಹೊತ್ತಿಗೆ ಕರಿಹಲಗೆಯ ತುದಿಯವರೆಗೆ ಬರೆದು, ತಿರುಗಿ ನಿಂತು, ಏದುಸಿರಿಲ್ಲದೆ ಪ್ರಶ್ನೆ ಕೇಳುವಷ್ಟು ಶಕ್ತಿ ಬಂತು. ಆದರೆ ಎಡಗಾಲು ಎಳೆಯುವುದು ಹೋಗಲಿಲ್ಲ. ಬಿಸಿಲು ಏರಿದರೆ ಎಡಗಣ್ಣು ಮಂಜಾಗುವುದೂ ಹೋಗಲಿಲ್ಲ. ಅಷ್ಟು ದಿನ ಒಂದೇ ಗಂಟಾಗಿ ಕಂಡದ್ದು ಈಗ ಬಿಡಿಸಿಕೊಂಡಿತು: ಹೋದದ್ದು ಹಸಿವು, ಉಳಿದದ್ದು ರೋಗ. ಇದರ ಜೊತೆ ಬಾಳಬೇಕು ಎಂದು ಅವಳಿಗೆ ಸ್ಪಷ್ಟವಾಗಿ ತಿಳಿದದ್ದು ಆಗಲೇ. ತಿಳಿದಾಗ, ವಿಚಿತ್ರವೆಂದರೆ, ಎದೆ ಹಗುರವಾಯಿತು.

ಆ ಜೂನಿನಲ್ಲಿ ದೌಲಪ್ಪನವರು ಅವಳನ್ನು ಕೋಣೆಗೆ ಕರೆದರು.

“ಜಾನಕೀಬಾಯಿ, ಕಲಬುರಗಿ ಶಿಕ್ಷಣ ಇಲಾಖೆ ಆಫೀಸಿನಾಗ ಒಂದು ಜಾಗಾ ಖಾಲಿ ಅದ. ನಿಮ್ಮ ಮನಿಗೆ ಹತ್ತಿರ. ಕುರ್ಚಿ ಮ್ಯಾಲೆ ಕೂತು ಮಾಡೋ ಕೆಲಸ. ನಾ ಶಿಫಾರಸು ಮಾಡ್ತೀನಿ. ಹತ್ತನೇ ತರಗತಿ ಮ್ಯಾಲಿನ ಮಾಳಿಗಿ ಮ್ಯಾಲ ಅದ, ನೀವು ದಿನಾ ಆ ಮೆಟ್ಟಿಲು ಹತ್ತೋದು ನನಗ ನೋಡಾಕ ಆಗಂಗಿಲ್ಲ.”

“ಸರ್, ನಿಮ್ಮ ಮನಸ್ಸು ದೊಡ್ಡದು. ಆದ್ರ ನನಗ ಕುರ್ಚಿ ಬ್ಯಾಡ.”

“ಮತ್ತ?”

“ಕೆಳಗ ಮುರಕಾ ಬೆಂಚ್ ತುಂಬಿದ ಕೋಣಿ ಅದಲ್ಲ, ಅದನ್ನ ತೆರವು ಮಾಡಿಸ್ರಿ. ನಾ ಮ್ಯಾಲೆ ಹತ್ತೂದಕ್ಕಿಂತ ತರಗತಿ ಕೆಳಗ ಬರೋದು ಸುಲಭ.”

ದೌಲಪ್ಪನವರು ಗಡ್ಡ ಕೆರೆದುಕೊಂಡು ಕಿಟಕಿಯಾಚೆ ನೋಡಿದರು. “ಆ ಕೋಣಿಗೆ ಬೆಳಕಿಲ್ಲ.”

“ಹಿಂದಿನ ಕಿಡಕಿಗೆ ತಗಡು ಬಡದಾರ. ಕಿತ್ತಿದ್ರ ಬೆಳಕು ಬರ್ತದ. ನಾ ನೋಡಿ ಬಂದೀನಿ.”

ಅವರು ಇನ್ನೂ ಯೋಚಿಸುತ್ತಿರುವಾಗಲೇ ಅವಳು ಕೆಳಗಿನ ಆ ಕೋಣೆಗೆ ಹೋಗಿ ಬಾಗಿಲ ಬಳಿಯ ಮೊದಲ ಬೆಂಚಿನ ಒಂದು ತುದಿ ಹಿಡಿದಳು. ಅವಳೊಬ್ಬಳೇ ಎಳೆಯುವುದನ್ನು ನೋಡಲಾರದೆ ದೌಲಪ್ಪನವರು ಅಂಗಿಯ ತೋಳು ಮಡಿಚಿ ಇನ್ನೊಂದು ತುದಿ ಹಿಡಿದರು. ಎರಡು ದಿನದಲ್ಲಿ ಹತ್ತನೆಯ ತರಗತಿ ಕೆಳಗಿಳಿಯಿತು.

ರೋಗ ಮಾತಿಗೆ ತಪ್ಪಲಿಲ್ಲ, ಮತ್ತೆ ಬಂತು. ೧೯೯೯ರ ಮಳೆಗಾಲದಲ್ಲಿ ಬಲಗೈ ಮರಗಟ್ಟಿ, ಬಳಪ ಹಿಡಿದರೆ ಬಿದ್ದುಹೋಗುತ್ತಿತ್ತು. ನಜ್ಮಾ ಅವರು ಹೈದರಾಬಾದಿನ ಡಾಕ್ಟರನ್ನು ಫೋನಿನಲ್ಲಿ ವಿಚಾರಿಸಿ, ಕಲಬುರಗಿಯಲ್ಲೇ ಸಲೈನಿನ ಮೂಲಕ ಔಷಧಿ ಹಾಕಿದರು. ಮಂಚದ ಮೇಲೆ ಮಲಗಿದ ಕೂಡಲೇ ಜಾನಕಿ ಕೇಳಿದ ಮೊದಲ ಪ್ರಶ್ನೆ, “ಕಬ್ಬಿಣ ಅಳಸಿದ್ರೇನು?”

“ಅಳಸೀನಿ. ಸರಿ ಅದ. ಈಗ ಕೊಡೋದು ಬ್ಯಾಡ.”

“ಹಂಗಾದ್ರ ಇದು ರೋಗದ್ದೇ.”

“ರೋಗದ್ದೇ.”

“ಒಳ್ಳೇದು,” ಎಂದಳು ಜಾನಕಿ, ಯಾರ ಜೊತೆ ಸೆಣಸಬೇಕೆಂದು ಗೊತ್ತಾದವರ ದನಿಯಲ್ಲಿ. ಮಂಚದ ಕಾಲ ಬಳಿ ಕುಳಿತಿದ್ದ ಸಾವಿತ್ರೀಬಾಯಿಯ ಕೈಯಲ್ಲಿ ಒಂದು ರಬ್ಬರ್ ಚೆಂಡಿತ್ತು. ಔಷಧಿ ಮುಗಿದ ದಿನದಿಂದ ಅವರು ಅದನ್ನು ಸೊಸೆಯ ಬಲಗೈಗೆ ಇಟ್ಟು ಹಿಚುಕಿಸುತ್ತಿದ್ದರು. ಸಾಕು ಎಂದರೆ ಮರಾಠಿಯಲ್ಲಿ ಗದರುತ್ತಿದ್ದರು. ಜಾನಕಿ ಎಡಗೈಯಲ್ಲಿ ಬರೆಯುವುದನ್ನೂ ಕಲಿತಳು. ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ಓದಲು ಬರುತ್ತಿತ್ತು.

ದಸರೆಯ ರಜೆ ಮುಗಿದ ಮೊದಲ ದಿನ ಅವಳು ಕಮಲಾಪುರಕ್ಕೆ ಹೋದಳು. ಮುಕುಂದ ಜೊತೆಗೆ ಬರುತ್ತೇನೆಂದ, ಬೇಡವೆಂದಳು. ಅವನು ಬಸ್ಸಿನವರೆಗೆ ಬಂದು, ಅವಳು ಈಗ ಊರಿ ನಡೆಯುವ ಕೋಲನ್ನು ಕಿಟಕಿಯಿಂದ ಒಳಗೆ ಕೊಟ್ಟು, ಬಸ್ಸು ಹೊರಡುವವರೆಗೆ ನಿಂತಿದ್ದ. ಕಮಲಾಪುರದಲ್ಲಿ ಬಸ್ಸು ನಿಂತಾಗ ಅವಳು ಕಂಬಿ ಹಿಡಿದು ಎದ್ದಳು. ಕೆಳಗಿನ ಮೆಟ್ಟಿಲು ಎತ್ತರವಾಗಿತ್ತು. ಕೋಲು ಮೊದಲು, ಎಡಗಾಲು ಆಮೇಲೆ. ಹಿಂದೆ ನಿಂತಿದ್ದವರು ತಳ್ಳಲು ಶುರುಮಾಡಿದಾಗ ಕಂಡಕ್ಟರ್ ಸೂಗಪ್ಪ ಅಡ್ಡ ಕೈ ಹಿಡಿದ.

“ಸಾವಕಾಶ ಇಳೀರಿ ಟೀಚರ್. ಅವಸರ ಇಲ್ಲ.”

“ನಿನಗಿಲ್ಲಪಾ,” ಎಂದಳು ಅವಳು, ಬಲಗಾಲನ್ನೂ ನೆಲಕ್ಕಿಟ್ಟು. “ನನಗ ಅದ. ಬೆಲ್ ಆಗ್ತದ.”